ಇರುವೆ ಹೊಕ್ಕ ಪೆಟ್ಟಿಗೆ

ಇರುವೆಗಳ ಜೀವ ಉಳಿಸಲು ಹೋಗಿ ಪೂನಮ ಆಯಿಯ ಜೀವಕ್ಕೇ ಸಂಚಕಾರ ತಂದಿದ್ದಳು. ಸತ್ತಿ ಊರಿನ ಆ ಮನೆಯಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಅತ್ತೆ ಸುಗಂಧಾ ಮಾತ್ರ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತ, ಆಡಬೇಕಾದ್ದನ್ನೆಲ್ಲ ಆಡುತ್ತಿದ್ದಳು.

ಆಯಿ ಎಂದರೆ ಪೂನಮಳ ಗಂಡ ಅಭಿನಂದನನ ಅಜ್ಜಿ, ಲಕ್ಷ್ಮಿಬಾಯಿ. ಅವಳ ಗಂಡ ದಾದಾಸಾಹೇಬರು ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಊರಲ್ಲಿ ಯಾರ ಕೈಗೂ ಮೊಬೈಲ್ ಬಾರದ ಕಾಲದಲ್ಲಿ ಅವರು ಮುಂಬೈಯಿಂದ ಅಂಗೈಯಗಲದ ಕಂಪ್ಯೂಟರೊಂದನ್ನು ತಂದಿದ್ದರು. ಕನ್ನಡಕದ ಪೆಟ್ಟಿಗೆಯ ಹಾಗೆ ತೆರೆಯುವುದು. ವ್ಯಾಪಾರಕ್ಕೆಂದು ತಂದದ್ದರಲ್ಲಿ ಒಂದು ದಿನ ತಮ್ಮದೇ ದನಿಯಲ್ಲಿ ಬೆಳಗಿನ ಸ್ತೋತ್ರ ಹೇಳಿ ಮುದ್ರಿಸಿಟ್ಟರು. ಅವರು ತೀರಿಕೊಂಡ ಮೇಲೆ ಆಯಿ ಬಸದಿಗೆ ಹೋಗಿ ಭಗವಂತನ ಮುಂದೆ ನಿಂತು ನೇಮ ಹಿಡಿದಳು: ಆ ಪೆಟ್ಟಿಗೆಯಲ್ಲಿ ಅವರ ದನಿ ಕೇಳದೆ ಬಾಯಿಗೆ ಹನಿ ನೀರೂ ಇಲ್ಲ. ಹೊತ್ತು ಮುಳುಗಿದ ಮೇಲೆ ಹೇಗೂ ಇಲ್ಲ. ಅದು ಜೈನರ ಮನೆಯಲ್ಲಿ ಹುಟ್ಟಿನಿಂದ ಬಂದ ನೇಮ.

ನಿನ್ನೆ ಬೆಳಿಗ್ಗೆ, ಆಯಿ ಸ್ತೋತ್ರ ಕೇಳುವ ಮೊದಲೇ, ದಶಲಕ್ಷಣ ಪರ್ವಕ್ಕೆಂದು ಮನೆ ಸ್ವಚ್ಛ ಮಾಡುತ್ತಿದ್ದ ಪೂನಮ ಆ ಪೆಟ್ಟಿಗೆಯ ಸೆಲ್ಲಿನ ಗೂಡಿನೊಳಗೆ ಇರುವೆಗಳು ಹೋಗುವುದನ್ನು ಕಂಡಳು. ಮುಚ್ಚಳ ಹಾಕಿದರೆ ಸಾಯುತ್ತವೆ, ಊದಿದರೆ ಕೈಕಾಲು ಮುರಿಯುತ್ತವೆ. ಪೆನ್ಸಿಲ್ ಸೆಲ್ ಎರಡನ್ನೂ ತೆಗೆದಳು. ಪಕ್ಕದ ಬಟನ್ ಸೆಲ್ಲಿನ ಕೆಳಗೂ ನಾಲ್ಕಾರು ಕಂಡವು, ಅದನ್ನೂ ತೆಗೆದಳು. ನೆಮ್ಮದಿಯಿಂದ ಹೊರಟು ಹೋಗಲಿ ಎಂದು ಕಟ್ಟೆಯ ನೆರಳಿನಲ್ಲಿಟ್ಟು ಕಾದಳು. ಎಲ್ಲ ಸೆಲ್ಲನ್ನೂ ಒಟ್ಟಿಗೆ ತೆಗೆದರೆ ಆ ಪೆಟ್ಟಿಗೆಯ ನೆನಪೆಲ್ಲ ಅಳಿಸಿಹೋಗುತ್ತದೆಂದು ಪಾಪ, ಅವಳಿಗೆ ಯಾರು ಹೇಳಿದ್ದರು? ಮರಳಿ ಹಾಕಿ ತೆರೆದಾಗ ಪರದೆ ತೊಳೆದ ಪಾಟಿಯಾಗಿತ್ತು.

ಮೊಬೈಲಿನಲ್ಲಿ ಬೇರೆ ಯಾರದೋ ದನಿಯ ಸ್ತೋತ್ರ ಹಚ್ಚಿದರು. ಆಯಿ ಒಲ್ಲೆನೆಂದು ತಲೆಯಲ್ಲಾಡಿಸಿದಳು, ನೀರು ಮುಟ್ಟಲಿಲ್ಲ. ಇಂದು ಡಾಕ್ಟರರು ಬಂದು ಸಲಾಯಿನ್ ಏರಿಸುತ್ತೇನೆಂದರು.

“ಬಾಯಿಂದ ಹೋದ್ರೂ ನೀರ, ಸೂಜೀಲೆ ಹೋದ್ರೂ ನೀರ,” ಎಂದು ಆಯಿ ಕೈ ಹಿಂದಕ್ಕೆಳೆದುಕೊಂಡಳು. ಈ ವಯಸ್ಸಿಗೆ ಇನ್ನೊಂದು ರಾತ್ರಿ ಜೀವ ತಡೆಯಲಾರದು ಎಂದು ಹೇಳಿ ಡಾಕ್ಟರರು ಹೊರಟುಹೋದರು.

ಅಷ್ಟರಲ್ಲಿ ಅಭಿನಂದನ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರದ ಅಟ್ಟದಿಂದ ಅಜ್ಜನ ಹಳೇ ದೊಡ್ಡ ಕಂಪ್ಯೂಟರನ್ನು ಇಳಿಸಿಕೊಂಡು, ಚಿಕ್ಕೋಡಿ ದಾಟಿ ಜೀಪಿನಲ್ಲಿ ಹಾರಿ ಬಂದಿದ್ದ. ಆ ದನಿಯ ಇನ್ನೊಂದು ಪ್ರತಿ ಇದ್ದದ್ದು ಅದರಲ್ಲಿ ಮಾತ್ರ. ಆದರೆ ಅದನ್ನು ನುಡಿಸಬಲ್ಲದ್ದು ಆ ಪುಟ್ಟ ಪೆಟ್ಟಿಗೆ ಒಂದೇ. ಎರಡರ ನಡುವಿನ ದಾರಿಯೋ, ಒಂದು ಸೀರಿಯಲ್ ಕೇಬಲ್ಲು. ಇರುವೆಯ ಸಾಲಿನ ಹಾಗೆ ದನಿಯ ತುಣುಕುಗಳನ್ನು ಒಂದರ ಹಿಂದೊಂದಾಗಿ ಮಾತ್ರ ದಾಟಿಸುವಂಥದ್ದು. ಅದರ ಅಗಲ ಪ್ಲಗ್ಗನ್ನು ಬಿಗಿಯುವ ಸ್ಕ್ರೂ ಎಂದೋ ಕಳೆದಿತ್ತು. ವೇಗ ಹೆಚ್ಚಿಸಿದರೆ ನಡುವೆಯೇ ಕಡಿದುಹೋಗುತ್ತಿತ್ತು. ನಿಧಾನಕ್ಕೆ ಬಿಟ್ಟರು. ಎಷ್ಟು ದಾಟಿತೆಂದು ತೋರಿಸುವ ಪರದೆಯ ಪಟ್ಟಿ ಮುಕ್ಕಾಲು ತುಂಬಿತ್ತು. ಬೀದಿಯಲ್ಲಿ ಟ್ರ್ಯಾಕ್ಟರೊಂದು ಹೋಯಿತು, ಮೇಜು ನಡುಗಿತು, ಪ್ಲಗ್ಗು ಜಾರಿತು.

“ಮತ್ತ ಮೊದಲಿಂದ,” ಎಂದು ಅಭಿನಂದನ ತಲೆ ಹಿಡಿದುಕೊಂಡ. “ಹೊತ್ತ ಮುಳುಗುದ್ರಾಗ ಮುಗಿಯೂದಿಲ್ಲ, ಪೂನಮ.”

“ಮುಗೀಲಿ, ಬಿಡ್ಲಿ, ಹಚ್ರಿ ನೀವು. ನಾ ಹಿಡ್ಕೊಂಡ ಕುಂಡರ್ತೀನಿ.”

ಅವಳು ಎರಡೂ ಕೈಯಿಂದ ಪ್ಲಗ್ಗನ್ನು ಒತ್ತಿ ಹಿಡಿದು ಕುಳಿತಳು. ಬೆರಳು ಜೋಮು ಹಿಡಿದವು. ಎದುರಿನ ಮಂಚದಲ್ಲಿ ಆಯಿಯ ತುಟಿ ಬಿರಿದಿದ್ದವು, ಒಣ ನಾಲಿಗೆ ಸುಮ್ಮನೆ ಅವುಗಳ ಮೇಲೆ ಆಡುತ್ತಿತ್ತು. ತಮ್ಮ ಭಗವಂತ ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಪೂನಮ ಬೇಡಿಕೊಂಡಳು: ಇರುವೆ ಉಳಿಸಿದ ಪುಣ್ಯ ನನಗೆ ಬೇಡ, ಅದನ್ನು ತಗೊಂಡು ಇವರನ್ನು ಉಳಿಸು.

ಗೋಡೆಯ ಮೇಲಿನ ಬಿಸಿಲು ಕೆಂಪಾಯಿತು, ಮೇಲೇರಿತು, ಆಮೇಲೆ ಇಲ್ಲವಾಯಿತು. ಪಟ್ಟಿ ಇನ್ನೂ ತುಂಬಿರಲಿಲ್ಲ. ಅವಳು ಕೈ ಬಿಡಲಿಲ್ಲ. ಕೊನೆಗೊಮ್ಮೆ ತುಂಬಿದಾಗ ಹೊರಗೆ ಪೂರ್ತಿ ಮಬ್ಬಾಗಿತ್ತು.

ಪೆಟ್ಟಿಗೆಯನ್ನು ಆಯಿಯ ಕಿವಿಯ ಹತ್ತಿರ ಇಟ್ಟಳು. ದಾದಾಸಾಹೇಬರು ಒಮ್ಮೆ ಕೆಮ್ಮಿ ಸ್ತೋತ್ರ ಶುರುಮಾಡಿದರು. ಆಯಿಯ ತುಟಿ ಅವರ ದನಿಯ ಹಿಂದೆ ಹಿಂದೆ ಅಲುಗಿದವು. ಮುಗಿಯುವ ಹೊತ್ತಿಗೆ ಪೂನಮ ಕಾಯಿಸಿ ಸೋಸಿದ ನೀರಿನ ಗ್ಲಾಸು ಹಿಡಿದು ನಿಂತಿದ್ದಳು.

“ಹೊತ್ತ ಇನ್ನೂ ಐತೇನ ಮಗಳ?” ಎಂದಳು ಆಯಿ. ಪೊರೆ ಬಂದ ಅವಳ ಕಣ್ಣಿಗೆ ಹಗಲು ಇರುಳು ಎರಡೂ ಒಂದೇ.

ಹುಟ್ಟಿದ ಮೇಲೆ ಪೂನಮ ಇಂಥ ಸುಳ್ಳು ಹೇಳಿದವಳಲ್ಲ. “ಐತ್ರಿ ಆಯಿ. ಮಾಳಿಗಿ ಮ್ಯಾಲ ಬಿಸಲ ಕಾಣಾಕತ್ತೈತಿ.”

ಅಭಿನಂದನ ಮುಖ ಆಚೆ ತಿರುಗಿಸಿದ. ಆಯಿ ತಡಕಾಡಿ ಪೂನಮಳ ಕೈ ಹಿಡಿದಳು, ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಗ್ಲಾಸು ತೆಗೆದುಕೊಂಡು ಗಟಗಟ ಕುಡಿದಳು.

“ಹೊತ್ತ ಮುಳುಗುದ್ರಾಗ ಒಲಿ ಆರಸ್ತಾಳ ನಿಮ್ಮತ್ತಿ. ಆಕಿ ಪಾತ್ರಿ ಕುಕ್ಕೂದ ನಿಲ್ಲಿಸಿ ಭಾಳ ಹೊತ್ತಾತಲ್ಲ,” ಎಂದಳು, ಮೆಲ್ಲಗೆ.

ಪೂನಮ ಅಳುತ್ತ ಆಯಿಯ ಕಾಲು ಹಿಡಿದಳು. “ಆಯಿ... ಗೊತ್ತಿದ್ದೂ ಕುಡದ್ರಿ?”

“ಇರುವಿ ಸಾಯಬಾರದಂತ ಇಷ್ಟೆಲ್ಲಾ ಮಾಡ್ಕೊಂಡಾಕಿ ನೀ. ನಾ ಸತ್ರ ನೀ ಹೆಂಗ ಬದಕ್ತಿದ್ದಿ?” ಆಯಿ ಖಾಲಿ ಗ್ಲಾಸನ್ನು ಚಾಚಿದಳು. “ನಾಳಿ ಬಸದಿಗಿ ಹೋಗೂಣು. ನನ್ನ ನೇಮದ್ದು, ನಿನ್ನ ಸುಳ್ಳಿಂದು, ಇಬ್ರೂ ಕೂಡೇ ಪ್ರಾಯಶ್ಚಿತ್ತ ತಗೊಳ್ಳೂಣು. ಈಗ ಅಳೂದ ಬಿಟ್ಟ ಇನ್ನೊಂದ ಗ್ಲಾಸ್ ತಾ.”