ದೇವೇಂದ್ರಪ್ಪನವರ ಮುಂಬಯಿ ಬಳಗ

ಬೆಟಗೇರಿಯ ದೇವೇಂದ್ರಪ್ಪನವರು ಎಪ್ಪತ್ತರ ಹತ್ತಿರ ಬಂದ ತಮ್ಮ ಆಯುಷ್ಯದಲ್ಲಿ ಒಬ್ಬನೇ ಒಬ್ಬ ಹಳೆಯ ಹಿಂದಿ ಚಿತ್ರನಟನನ್ನೂ ಹೆಸರು ಹಿಡಿದು ಕರೆದವರಲ್ಲ. ಹಿರಿಯರ ಹೆಸರು ಬಾಯಿಗೆ ಬರಬಾರದೆಂಬ ಮನೆತನದ ಮರ್ಯಾದೆಯನ್ನು ಅವರು ಗದಗ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ನೇರವಾಗಿ ಮುಂಬಯಿಯ ಸ್ಟುಡಿಯೋಗಳ ತನಕ ಮುಟ್ಟಿಸಿದ್ದಾರೆ. ಕಪ್ಪು-ಬಿಳುಪಿನ ಕಾಲದಲ್ಲಿ ಮೆಲ್ಲಗೆ ಮಾತಾಡುತ್ತ, ಮಾತಿಗಿಂತ ಹೆಚ್ಚು ಸುಮ್ಮನಿರುತ್ತ, ಲೋಕದ ದುಃಖವನ್ನೆಲ್ಲ ಎರಡು ಹುಬ್ಬುಗಳ ನಡುವೆ ಹೊತ್ತು ತಿರುಗಿದ ನಾಯಕ ಅವರಿಗೆ ‘ದೊಡ್ಡಪ್ಪ’. ಕುತ್ತಿಗೆಗೆ ರುಮಾಲು ಸುತ್ತಿಕೊಂಡು ಗುಡ್ಡದ ಇಳಿಜಾರಿನಲ್ಲಿ ಹಾಡುತ್ತ ಉರುಳುವಾತ ‘ಕಾಕಾ’. ಬಿಳಿ ಸೀರೆಯುಟ್ಟು, ಅರ್ಧ ಕಥೆಯನ್ನು ಕಣ್ಣಂಚಿನಲ್ಲೇ ಹೇಳಿ ಮುಗಿಸುವ ನಾಯಕಿ ‘ಅಕ್ಕಾರು’. ಖಳನಾಯಕನಿಗೂ ಬಳಗದಲ್ಲಿ ಜಾಗ ತಪ್ಪಿಲ್ಲ, ಅವನು ‘ಸ್ವಾದರಮಾವ’. “ಎಲ್ಲಾ ಮನಿತನದಾಗೂ ಇಂಥಾಂವ ಒಬ್ಬ ಇದ್ದ ಇರತಾನಲಾ” ಎಂಬುದು ಅದಕ್ಕೆ ಅವರ ಸಮಜಾಯಿಷಿ. ಹೆಂಡತಿ ಸಾವಿತ್ರೆವ್ವನವರ ತಮ್ಮ ಪಡಸಾಲೆಯಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡೇ ಈ ಮಾತು ಹೊರಬೀಳುತ್ತದೆ.

ಈ ಬಳಗ ಒಮ್ಮೆ ಇಡೀ ಓಣಿಯನ್ನೇ ಪೇಚಿಗೆ ಸಿಕ್ಕಿಸಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಆ ‘ದೊಡ್ಡಪ್ಪ’ ತೀರಿಕೊಂಡ ಸುದ್ದಿ ಬಂದಾಗ ದೇವೇಂದ್ರಪ್ಪನವರು ತಮ್ಮ ಸೀರೆ ಅಂಗಡಿಯ ಅರ್ಧ ಎತ್ತಿದ ಶಟರನ್ನು ಹಾಗೆಯೇ ಕೆಳಗೆಳೆದು, ಬಾಜೂ ಅಂಗಡಿಯವನಿಗೆ “ನಮ್ಮ ದೊಡ್ಡಪ್ಪ ಹೋದ್ರಪಾ” ಎಂದಷ್ಟೇ ಹೇಳಿ ಮನೆಯ ಹಾದಿ ಹಿಡಿದರು. ಮುಂದಿನದನ್ನು ಬಾಜೂ ಅಂಗಡಿಯವನು ನೋಡಿಕೊಂಡ. ಮಧ್ಯಾಹ್ನದೊಳಗೆ ನಾಲ್ಕು ಜನ ಹಿರಿಯರು ತಲೆಯ ಮೇಲೆ ಟವೆಲ್ ಹಾಕಿಕೊಂಡು ಮನೆಯ ಕಟ್ಟೆಯ ಮೇಲೆ ಗಂಭೀರವಾಗಿ ಕುಳಿತಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು ಎದುರುಮನೆಯ ಖಾತುನಬಿ ಬುಟ್ಟಿ ತುಂಬ ರೊಟ್ಟಿ, ಝುಣಕಾ ಹೊತ್ತು ತಂದಿದ್ದಳು.

“ಹೆಣ ಯಾವಾಗ ಬರತೈತ್ರಿ?” ಎಂದು ಒಬ್ಬರು ದನಿ ತಗ್ಗಿಸಿ ಕೇಳಿದರು.

“ಬರಂಗಿಲ್ರಿ. ಅಲ್ಲೇ ಮುಂಬೈದಾಗ ಮುಗಸ್ತಾರ.”

“ಅಯ್ಯ, ಹಂಗಾರ ನೀವರ ಹೋಗಬೇಕಿತ್ತಲ್ರಿ! ಕಡೀಕ ಒಮ್ಮೆ ಮಕಾ ನೋಡಬ್ಯಾಡ್ರೇನು?” ಎಂದು ಖಾತುನಬಿ ಗದರಿದಳು.

“ಮಕಾ ಭಾಳ ಸಲ ನೋಡೇನವ್ವಾ,” ಎಂದರು ದೇವೇಂದ್ರಪ್ಪ, “ಮೊದಲನೇ ಸಲ ನೋಡಿದಾಗ ನಾಕಾಣೆ ಟಿಕೀಟ ಇತ್ತು.”

ಕಟ್ಟೆಯ ಮೇಲಿನ ಟವೆಲ್ಲುಗಳು ಒಂದೊಂದಾಗಿ ತಲೆಯಿಂದ ಹೆಗಲಿಗಿಳಿದವು. ಆದರೆ ಖಾತುನಬಿ ಬುಟ್ಟಿಯನ್ನು ತಿರುಗಿ ಒಯ್ಯಲಿಲ್ಲ. ದೇವೇಂದ್ರಪ್ಪನವರ ಕೆಂಪಾದ ಕಣ್ಣುಗಳನ್ನೊಮ್ಮೆ ನೋಡಿ, “ಅಳೂದು ಖರೇನ ಐತಲ್ಲ, ಉಣ್ರಿ” ಎಂದಳು. ದೇವೇಂದ್ರಪ್ಪನವರು ಉಂಡರು. ಎರಡನೆಯ ಸಲ ಝುಣಕಾ ಹಾಕಿಸಿಕೊಂಡರೆಂಬುದನ್ನು ಸಾವಿತ್ರೆವ್ವನವರು ಇನ್ನೂ ಆಡಿ ತೋರಿಸುತ್ತಾರೆ.

ಅವರನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಕೋಟು. ಹುಣಸೆಹಣ್ಣಿನ ಬಣ್ಣದ ದಪ್ಪ ಉಣ್ಣೆಯ ಕೋಟು. ದೊಡ್ಡಪ್ಪ ಯಾವುದೋ ಮಂಜಿನ ಊರಿನ ದೃಶ್ಯದಲ್ಲಿ ತೊಟ್ಟದ್ದನ್ನು ಕಂಡು, ದರ್ಜಿಯನ್ನು ತಾವೇ ಟಿಕೀಟು ಕೊಟ್ಟು ಟಾಕೀಜಿಗೆ ಕರೆದೊಯ್ದು, ತೆರೆಯ ಮೇಲೆಯೇ ಅಳತೆ ತೆಗೆಸಿ ಹೊಲಿಸಿದ್ದು. ಮಂಜೆಂಬುದು ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪರದೇಶದ ಹಕ್ಕಿಗಳ ತವರೂರಿನಲ್ಲಷ್ಟೇ ಇರುವ ಪದಾರ್ಥವೆಂದು ನಂಬಿರುವ ನಮ್ಮ ಸೀಮೆಯಲ್ಲಿ, ಏಪ್ರಿಲ್ ತಿಂಗಳ ಬಿಸಿಲಲ್ಲಿ ಆ ಕೋಟಿನೊಳಗೆ ಒಬ್ಬ ಮನುಷ್ಯ ಜೀವಂತವಾಗಿರುವುದೇ ಒಂದು ಸಾಧನೆ. ಇನ್ನು ನಡಿಗೆ: ಹರೆಯದಲ್ಲಿ ಮಗ್ಗದ ಕುಣಿಯಲ್ಲಿ ಕೂತು ಹಲಗೆ ತುಳಿದ ಕಾಲುಗಳವು, ಇವತ್ತಿಗೂ ರಸ್ತೆಯನ್ನು ಒಂದು ಕಾಲಿಂದ ಒತ್ತಿ, ಇನ್ನೊಂದರಿಂದ ಬಿಟ್ಟು, ಬೆಟಗೇರಿಯಿಂದ ಗದಗಿನ ಮಾರುಕಟ್ಟೆಯ ತನಕ ದಿನಾಲೂ ಉದ್ದನೆಯ ಸೀರೆಯೊಂದನ್ನು ನೇಯುತ್ತ ಬಂದಂತೆ ಬರುತ್ತಾರೆ.

ಅವರಿಗೆ ಹಿಂದಿ ಬರುವುದು ಗಿರಾಕಿಗೆ ದರ ಹೇಳುವಷ್ಟು. ಹಾಡಿನ ಅರ್ಥ ಕೇಳಿದರೆ ಸಿಟ್ಟಾಗುತ್ತಾರೆ. ಹಾಡು ಶುರುವಾದೊಡನೆ ಬಲಗೈಯ ತೋರುಬೆರಳು ಮೇಲೇಳುತ್ತದೆ. “ತಡೀ... ತಡೀ... ಈಗ ಬರತೈತಿ ನೋಡು” ಎನ್ನುತ್ತಾರೆ. ಬರುವುದೆಂದರೆ ಪಲ್ಲವಿಯಲ್ಲ, ಸಾರಂಗಿಯ ಎಳೆಯೂ ಅಲ್ಲ; ಹಾಡುವಾಕೆ ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ತಡೆದುಕೊಂಡು ಬಿಡುವ ಉಸಿರು. “ಹಾಡಾಕಿ ಹಾಸು, ನಟಿ ಹೊಕ್ಕು,” ಎಂಬುದು ಅವರ ರಸಸಿದ್ಧಾಂತ. “ಗಂಟಲು ಒಬ್ಬರದು, ಕೊರಳಿನ ನರ ಇನ್ನೊಬ್ಬರದು. ಎರಡೂ ಒಂದ ನೋವಿಗೆ ಉಬ್ಬಿದ್ರ ಅರಿವಿ ಆತು. ಇಲ್ಲಂದ್ರ ಬರೇ ನೂಲು.” ಹಿಂದೂಸ್ತಾನಿ ಸಂಗೀತ ಬೆಳೆದ ಊರಿನಲ್ಲಿ ಇಂಥ ಮಾತಿಗೆ ತಲೆದೂಗುವವರಿಗೆ ಕೊರತೆಯಿಲ್ಲ. ನಾನು ಮೆಣಸಿನಕಾಯಿ ವ್ಯಾಪಾರದವನು. ಮಂಡಿಯ ಘಾಟಿನ ಹೊರತು ಬೇರೆ ಯಾವುದೂ ನನ್ನ ಕಣ್ಣಲ್ಲಿ ನೀರು ತರಿಸಿದ್ದಿಲ್ಲವಾದ್ದರಿಂದ ಚಹಾ ಕುಡಿದು ಸುಮ್ಮನಾಗುತ್ತಿದ್ದೆ.

ಅಂಗಡಿಯಲ್ಲಿ ಅವರದೊಂದು ಹಟ. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಸೀರೆಯ ಹಿಂಬದಿ ತೋರಿಸದೆ ಮಾರುವುದಿಲ್ಲ. “ಮುಂದ ಎಲ್ಲಾರೂ ಚಂದ ಇರತಾರ. ಹೊಳ್ಳಿಸಿ ನೋಡ್ರಿ, ಗಂಟು ಎಲ್ಲಿ ಹಾಕ್ಯಾನ, ಎಳಿ ಎಲ್ಲಿ ಮುಚ್ಯಾನ, ಅಲ್ಲಿ ತಿಳೀತೈತಿ ನೇಕಾರ ಎಂಥಾಂವ ಅಂತ.” ದೊಡ್ಡಪ್ಪನ ಮೇಲಿನ ಅವರ ಭಕ್ತಿಯ ಬೇರೂ ಅಲ್ಲೇ ಇತ್ತು. ಒಂದು ಚಿತ್ರದಲ್ಲಿ, ಅಂಗಳದಲ್ಲಿ ಯಾರೋ ಹಾಡುತ್ತಿರುವಾಗ, ದೊಡ್ಡಪ್ಪ ಹಾಡು ಮುಗಿಯುವ ತನಕ ಕಿಟಕಿಯ ಕಡೆಗೆ ಮುಖ ಮಾಡಿ, ನೋಡುವವರಿಗೆ ಬರೀ ಬೆನ್ನು ಕೊಟ್ಟು ನಿಲ್ಲುತ್ತಾನಂತೆ. ಆ ಬೆನ್ನನ್ನು ಬಣ್ಣಿಸುವಾಗ ದೇವೇಂದ್ರಪ್ಪನವರು ಗದ್ದಿಗೆಯಿಂದೆದ್ದು, ತಾವೂ ಕಪಾಟಿನ ಕಡೆಗೆ ತಿರುಗಿ ನಿಂತುಬಿಡುತ್ತಾರೆ. “ಅಳೂದು ಸಸ್ತಾ ರೀ. ಅಳು ನುಂಗೂದು ತುಟ್ಟಿ,” ಎಂಬ ಮಾತು ಕಪಾಟಿನೊಳಗಿಂದ ಬಂದಂತೆ ಕೇಳಿಸುತ್ತದೆ. ಈ ನಡುವೆ ಗಿರಾಕಿ ಎದ್ದುಹೋದದ್ದೂ ಉಂಟು.

ಇಷ್ಟೆಲ್ಲ ಊರಿಗೆ ಮೋಜಿನ ಸಂಗತಿ. ಮನೆಯವರಿಗೆ ಹಾಗಿರಲಿಲ್ಲ. ಹುಲಕೋಟಿಯ ಶಾಲೆಯೊಂದರಲ್ಲಿ ಕಲಿಸುವ ಒಬ್ಬಳೇ ಮಗಳು ಸುಶ್ಮಿತಾಳನ್ನು ನೋಡಲು ಬಂದ ವರಗಳಿಗೆ ದೇವೇಂದ್ರಪ್ಪನವರು ಅವಲಕ್ಕಿ, ಮಿರ್ಚಿ, ಚಹಾ ಕೊಟ್ಟಾದ ಮೇಲೆ ಹಳೆಯ ಟೇಪಿನಲ್ಲಿ ಒಂದು ಹಾಡು ಹಚ್ಚುತ್ತಿದ್ದರು. ಹಚ್ಚಿ, ಎದುರಿಗೆ ಕೋಟು ತೊಟ್ಟು ಕುಳಿತು, ಹುಡುಗನ ಮುಖವನ್ನೇ ನೋಡುತ್ತಿದ್ದರು. ಹುಬ್ಬಳ್ಳಿಯ ಒಬ್ಬಾತ ನಡುವೆ ಮೊಬೈಲು ತೆಗೆದ, ಅಲ್ಲಿಗೆ ಮುಗಿಯಿತು. ಶಿರಹಟ್ಟಿಯ ಇನ್ನೊಬ್ಬ, ಯಾರೋ ಮೊದಲೇ ಸುಳಿವು ಕೊಟ್ಟಿದ್ದರೆಂದು ಕಾಣುತ್ತದೆ, ಮೊದಲ ಸಾಲಿಗೇ ಕರವಸ್ತ್ರ ಹುಡುಕಿದ. “ಇಷ್ಟು ಜಲ್ದಿ ಬಣ್ಣ ಬಿಡೂ ಅರಿವಿ ನಮಗ ಬ್ಯಾಡ” ಎಂದು ಅವನನ್ನೂ ಕಳಿಸಿದರು.

ಲಕ್ಷ್ಮೇಶ್ವರದಲ್ಲಿ ಬೀಜ-ಗೊಬ್ಬರದ ಅಂಗಡಿಯಿಟ್ಟ ಸುನೀಲನ ಪ್ರಸ್ತಾಪ ಒಯ್ದವನು ನಾನು. ಹುಡುಗ ನೇರ, ವ್ಯವಹಾರ ಚೊಕ್ಕ. ಮುಖ ಮಾತ್ರ ಬಾಯಿ ಹೊಲಿದ ಗೊಬ್ಬರದ ಚೀಲದಂಥದು, ಒಳಗೇನಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ನಮ್ಮ ಮನೆಯಲ್ಲೊಮ್ಮೆ ಇಬ್ಬರೂ ಕೂತು ಮಾತಾಡಿದ್ದರು. ಸುಶ್ಮಿತಾಳ ಮನಸ್ಸು ಅಲ್ಲೇ ನಿಂತಿತ್ತು. ಆದ್ದರಿಂದ ಆ ಭಾನುವಾರ ಬೆಳಿಗ್ಗೆ ಅವಳು ತಂದೆಯ ಮುಂದೆ ನಿಂತು ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಅಪ್ಪಾ, ಇದೊಂದು ಸಲ ಹಾಡು ಹಚ್ಚಬ್ಯಾಡ. ಈ ಹುಡುಗ ಬ್ಯಾಡ ಅಂದಿ ಅಂದ್ರ, ಇನ್ನ ನಾ ಯಾರ ಮುಂದೂ ಚಹಾದ ತಟ್ಟಿ ಹಿಡದು ಬರಂಗಿಲ್ಲ.”

“ಮಡಿಕಿ ಬಿಚ್ಚದ ಸೀರಿ ತಗೊಂಡಂಗ ಆಕ್ಕೈತವಾ ಅದು,” ಎಂದರು ದೇವೇಂದ್ರಪ್ಪ, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಸುನೀಲ ತಾಯಿ ಹನಮಂತವ್ವನೊಂದಿಗೆ ಬಂದ. ಅವಲಕ್ಕಿಯಾಯಿತು, ಚಹಾ ಆಯಿತು, ಹಾಡು ಶುರುವಾಯಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬಾಗಿಲ ಮರೆಯಲ್ಲಿ ಸುಶ್ಮಿತಾಳ ಸೆರಗಿನ ಅಂಚು ಕಾಣುತ್ತಿತ್ತು. ದೇವೇಂದ್ರಪ್ಪನವರ ಬೆರಳು ಇನ್ನೇನು ಮೇಲೇಳಬೇಕು, ಅಷ್ಟರಲ್ಲಿ ಸುನೀಲ ದಡಕ್ಕನೆ ಎದ್ದ. ಯಾರನ್ನೂ ಕೇಳದೆ ಗೋಡೆಯ ಬಳಿ ಹೋಗಿ ಫ್ಯಾನಿನ ಗುಂಡಿ ಒತ್ತಿ ಆರಿಸಿದ. ಆರಿಸಿದವನು ತಿರುಗಿ ಬಂದು ಕೂಡ್ರಲೂ ಇಲ್ಲ; ಗೋಡೆಯ ಕಡೆಗೆ ಮುಖ ಮಾಡಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ, ಹಾಡು ಮುಗಿಯುವ ತನಕ ನಮಗೆಲ್ಲ ಬೆನ್ನು ತೋರಿಸಿ ನಿಂತ. ಸೆಕೆಗೆ ನಮ್ಮ ಅಂಗಿಗಳು ಮೈಗಂಟಿದವು. ಹನಮಂತವ್ವನ ಮುಖ ನಾಚಿಕೆಯಿಂದ ಕಪ್ಪಿಟ್ಟಿತು. ಹಾಡು ಮುಗಿದಾಗ ದೇವೇಂದ್ರಪ್ಪನವರು ಕೈಮುಗಿದು, “ಆತ್ರಿ, ಖಬರ ಕಳಸ್ತೀವಿ” ಎಂದರು. ನಮ್ಮ ಕಡೆ ಈ ಮಾತಿಗೆ ‘ಬ್ಯಾಡ’ ಎಂಬುದರ ಹೊರತು ಬೇರೆ ಅರ್ಥವಿಲ್ಲ. ತಾಯಿ ಮಗ ರಿಕ್ಷಾ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು.

“ಮಕದ ಮ್ಯಾಲೆ ಒಂದು ಗೆರಿ ಅಳ್ಳಾಡಲಿಲ್ಲ ಸಾವ್ಕಾರ್ರ,” ಎಂದು ಅವರು ನನ್ನ ಮೇಲೇ ಹರಿಹಾಯ್ದರು. “ಮ್ಯಾಲೆ ಮಂದಿ ಮನಿ ಫ್ಯಾನ ಆರಿಸಿ ಬೆನ್ನು ಬ್ಯಾರೆ ತೋರಿಸ್ಕೋತ ನಿಂತ. ಎಷ್ಟು ಸೊಕ್ಕು ನೋಡ್ರಿ!”

ಸುಶ್ಮಿತಾ ಹೊರಗೆ ಬಂದಳು. ಅಳುತ್ತಿರಲಿಲ್ಲ. “ದೊಡ್ಡಪ್ಪ ಬೆನ್ನು ಮಾಡಿ ನಿಂತ್ರ ಅಭಿನಯ, ಸುನೀಲ ನಿಂತ್ರ ಸೊಕ್ಕು. ಹೌದಿಲ್ಲಪಾ?”

ಅಷ್ಟರಲ್ಲಿ ಒಳಗಿಂದ, ತಾಟು ಎತ್ತುತ್ತಿದ್ದ ಸಾವಿತ್ರೆವ್ವನವರು ತಣ್ಣಗೆ ಸೇರಿಸಿದರು: “ಅಂಗಡಿಯಾಗ ಗಿರಾಕಿಗೆ ಹೊಳ್ಳಿಸಿ ನೋಡ್ರಿ ಅಂತೀರಿ. ಮನಿಗೆ ಬಂದ ಹುಡುಗನ್ನ ಬರೇ ಮ್ಯಾಲಿನ ಮಡಿಕಿ ನೋಡಿ ಕಳಿಸಿದ್ರಿ.”

ದೇವೇಂದ್ರಪ್ಪನವರು ಮೆಲ್ಲಗೆ ಹೋಗಿ ಫ್ಯಾನು ಹಚ್ಚಿದರು, ಅದೇ ಹಾಡನ್ನು ಮತ್ತೆ ಹಚ್ಚಿದರು, ಕಣ್ಣು ಮುಚ್ಚಿ ನಿಂತರು. ಸಾಲು ಮುಗಿಯಿತು, ಬೆರಳು ಮೇಲೆದ್ದಿತು, ಮತ್ತು ಆ ಉಸಿರು ಬರಬೇಕಾದ ಜಾಗದಲ್ಲಿ, ಸ್ಪಷ್ಟವಾಗಿ, ಒರಟಾಗಿ, ಫ್ಯಾನು ‘ಕಿರ್ರ್’ ಎಂದಿತು. ಹಾಡಿನ ಉಸಿರು ಅದರಡಿಗೆ ಸಿಕ್ಕಿ ಹಾಳಾಯಿತು. ಎಷ್ಟೋ ವರ್ಷಗಳಿಂದ ಆ ಫ್ಯಾನಿನ ಕೆಳಗೇ ಕೂತು ಅವರು ಆ ಉಸಿರನ್ನು ಕೇಳಿದ್ದರು. ಅಲ್ಲ, ನೆನಪಿನಿಂದ ತುಂಬಿಕೊಂಡಿದ್ದರು. ಕಿವಿಯಿಂದ ಕೇಳಿದವನು ಲಕ್ಷ್ಮೇಶ್ವರದ ಬಸ್ಸಿಗೆ ಹೋಗಿಯಾಗಿತ್ತು.

“ಸಾವ್ಕಾರ್ರ, ಗಾಡಿ ತಗೀರಿ!” ಎಂದು ಅವರು ಕೂಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಒತ್ತಿ ಬಿಟ್ಟು ನಡೆಯುತ್ತಿದ್ದ ಆ ಕಾಲುಗಳು ಅಂಗಳದಲ್ಲಿ ಓಡಿದವು. ನನ್ನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಬೆನ್ನಿಗೆ ಗುದ್ದುತ್ತ, “ಜಲ್ದಿ ಬಿಡ್ರಿ, ಇದೇನು ಮೆಣಸಿನಕಾಯಿ ಚೀಲ ಹೇರೀರೇನು!” ಎಂದು ಅವಸರಪಡಿಸಿದರು. ಗಾಳಿಗೆ ಕೋಟು ಎರಡೂ ಕಡೆ ಉಬ್ಬಿ, ಎದುರಿಗೆ ಬಂದ ಎಮ್ಮೆಯೊಂದು ದಾರಿ ಬಿಟ್ಟಿತು.

ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಹನಮಂತವ್ವ ಕೂತಿದ್ದಳು. ಏದುಸಿರು ಬಿಡುತ್ತ ಬಂದ ಕೋಟನ್ನು ಮೇಲಿಂದ ಕೆಳಗೆ ನೋಡಿ, “ಏನ್ರೀ, ಫ್ಯಾನಿನ ಗುಂಡಿ ಮುರದೈತೇನು? ರೊಕ್ಕಾ ಕೇಳಾಕ ಬಂದ್ರ್ಯಾ?” ಎಂದಳು.

“ನಿಮ್ಮ ಮಗಾನ್ನ ಕೇಳಾಕ ಬಂದೇನವ್ವಾ,” ಎಂದು ಅವರು ಪಕ್ಕದಲ್ಲಿದ್ದ ಸುನೀಲನ ಕಡೆಗೆ ತಿರುಗಿದರು. “ಫ್ಯಾನ ಯಾಕ ಆರಿಸಿದೆಪಾ?”

ಸುನೀಲನ ಮುಖದಲ್ಲಿ ಆಗಲೂ ಏನೂ ಇರಲಿಲ್ಲ. “ಹಾಡಾಕಿ ಅಲ್ಲಿ ಉಸರು ತಡದಳಲ್ರಿ. ಅದು ಕೇಳವಲ್ದಾಗಿತ್ತು,” ಎಂದ.

“ಮತ್ತ ಹೊಳ್ಳಿ ಬಂದು ಯಾಕ ಕುಂಡ್ರಲಿಲ್ಲ?”

ಹುಡುಗ ಕಿಟಕಿಯ ಸರಳು ಹಿಡಿದ. “ಎಲ್ಲಾರೂ ಮಕಾ ನೋಡಾಕತ್ತಿದ್ರಲ್ರಿ ಮಾವಾರ,” ಎಂದ.

ಕಂಡಕ್ಟರ್ ಸೀಟಿ ಊದಿದ. ದೇವೇಂದ್ರಪ್ಪನವರು ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು, “ಇಳೀರಿ, ಇಳೀರಿ! ಊಟ ಮಾಡಿ ಹೋಗೀರಂತ!” ಎಂದರು. ಅಷ್ಟು ಹೇಳಿ, ಅವರು ಇಳಿಯುವುದನ್ನು ನೋಡಲು ಕೂಡ ನಿಲ್ಲದೆ, ಗಕ್ಕನೆ ಆ ಕಡೆ ತಿರುಗಿ, ಬಸ್ ಸ್ಟ್ಯಾಂಡಿನ ಕಂಬದೆದುರು ನಿಂತುಬಿಟ್ಟರು. ನನಗೆ ಕಂಡದ್ದು ಆ ಹುಣಸೆಹಣ್ಣಿನ ಬಣ್ಣದ ಬೆನ್ನೊಂದೇ. ಮುಂದಿನಿಂದ ಎಷ್ಟೋ ಸಲ ನೋಡಿದ ಕೋಟು. ಹಿಂದೆ ಹೊಲಿಗೆ ಸವೆದು, ಹೆಗಲ ನಡುವೆ ಉಣ್ಣೆ ತೆಳುವಾಗಿ, ಒಳಗಿನ ಅಸ್ತರು ಇಣುಕುತ್ತಿತ್ತು. ಆ ತೆಳುವಾದ ಜಾಗ ಒಂದೆರಡು ಸಲ ಅಲುಗಿತು. ಅಂದು ಭಾನುವಾರ, ನಾನು ಮಂಡಿಗೆ ಹೋದವನೇ ಅಲ್ಲ. ಆದರೂ ಕಣ್ಣು ಉರಿಯಿತು.

ಈಗ ಹಬ್ಬಕ್ಕೆ ಮಗಳು ಅಳಿಯ ಬಂದಾಗ ಆ ಮನೆಯಲ್ಲಿ ಫ್ಯಾನು ಆರಿಸಿ ಎಲ್ಲರೂ ಬೆವರುತ್ತ ಕೂಡ್ರುತ್ತಾರೆ. ಬೆರಳು ಈಗ ಎರಡು ಏಳುತ್ತವೆ, ಒಂದೇ ಕ್ಷಣಕ್ಕೆ. ಫ್ಯಾನಿಗೆ ಎಣ್ಣೆ ಬಿಡಿಸಿರೆಂದು ಸಾವಿತ್ರೆವ್ವನವರು ಹೇಳಿ ಸೋತಿದ್ದಾರೆ. ಮಾವ ಅಳಿಯ ಇಬ್ಬರೂ ಒಪ್ಪುವುದಿಲ್ಲ.

ನೆಂಟಸ್ತಿಕೆಯನ್ನು ರಕ್ತದಿಂದಲೋ ಹೊಲಮನೆಯಿಂದಲೋ ಅಳೆಯುವವರು ಲೋಕದಲ್ಲಿ ಬಹಳ. ಆದರೆ ತಮ್ಮ ಭಾಷೆಯೂ ತಿಳಿಯದ, ತಮ್ಮ ಊರಿನ ಹೆಸರೂ ಕೇಳಿರದ ದೂರದ ಮುಖವೊಂದನ್ನು ಕತ್ತಲ ಕೋಣೆಯಲ್ಲಿ ಕೂತು ನೋಡಿ, ಅದರ ದುಃಖವನ್ನು ಮನೆಗೆ ಕರೆತಂದು, ಅದಕ್ಕೊಂದು ಸಂಬಂಧದ ಹೆಸರಿಟ್ಟು, ಜೀವಮಾನವೆಲ್ಲ ಸಾಕುವವರು ಕೆಲವರಿದ್ದಾರೆ. ನಾವು ಅವರನ್ನು ನೋಡಿ ನಗುತ್ತೇವೆ, ನಗಬೇಕಾದ್ದೇ. ಆದರೆ ಅಪರಿಚಿತನೊಬ್ಬನ ಬೆನ್ನನ್ನು ನೋಡಿ ಅವನ ಕಣ್ಣೀರನ್ನು ಅರಿಯುವ ವಿದ್ಯೆಯನ್ನು ಅವರು ನಾಕಾಣೆ ಟಿಕೀಟಿನಲ್ಲಿ ಕಲಿತಿರುತ್ತಾರೆ. ನಮಗೆ ಸ್ವಂತ ಮನೆಯವರ ಬೆನ್ನು ಕೂಡ ಬರೀ ಬೆನ್ನಾಗಿಯೇ ಕಾಣುತ್ತದೆ.