ಬಾಗಿಲು ದಾಟದ ಇಳಿಜಾರು

ಮನೆಯಲ್ಲಿ ಒಬ್ಬರು ಮುಖ ಸಪ್ಪೆ ಮಾಡಿಕೊಂಡು ಕೂತರೆ ಮನೆಮಂದಿಗೆಲ್ಲ ಊಟ ಸೇರುವುದಿಲ್ಲ. ಬಡಗಿಯ ಮನೆಯಲ್ಲೂ ಅದೇ ಆಗಿತ್ತು. ಬಾಟಲಿ ಕಾರ್ಖಾನೆ ಮುಚ್ಚಿ ಮಗನ ಕೆಲಸ ಹೋಯಿತು. ಅಂದಿನಿಂದ ಹುಡುಗ ಗೋಡೆಗೆ ಮುಖ ಮಾಡಿ ಮಲಗಿದವನು ಏಳುವುದೇ ಅಪರೂಪ. ಕರೆದರೆ "ಹೂಂ", ಕೇಳಿದರೆ "ಉಹೂಂ". ಮಗ ಹೀಗೇ ಕುಗ್ಗಿಹೋದರೆ ಗತಿಯೇನು ಎಂದು ಬಡಗಿಗೆ ಒಳಗೊಳಗೇ ಭಯ. ಬಾಯಿಂದ ಬರುತ್ತಿದ್ದುದು ಮಾತ್ರ ಬರೀ ಬೈಗುಳ.

ಒಂದು ದಿನ ಕೂದಲು ಕತ್ತರಿಸಿಕೊಳ್ಳುತ್ತಾ ಪಕ್ಕದ ಅಂಗಡಿಯ ಕ್ಷೌರಿಕನ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಕೊಂಡ. ಆ ಕ್ಷೌರಿಕನೇ ಬೀದಿಯ ಯುವಕರ ಸೇವಾ ಸಂಘದ ಕಾರ್ಯದರ್ಶಿ.

"ಅಣ್ಣಾ, ಭಾನುವಾರ ಅವನ್ನ ಸಂಘಕ್ಕೆ ಕಳ್ಸಿ."

"ಯಾತಕ್ಕಪ್ಪಾ? ಕೇರಂ ಆಡೋಕಾ? ಮನೆಗೆ ಮಾರಿ, ಊರಿಗೆ ಉಪಕಾರಿ ಆಗೋಕಾ?"

"ಕೇರಂ ಬೋರ್ಡೂ ಇದೆ, ಸುಳ್ಳ್ಯಾಕೆ ಹೇಳ್ಲಿ? ಅದು ಕೆಲಸ ಮುಗಿದ ಮೇಲೆ. ಚರಂಡಿ ಕಟ್ಕೊಂಡ್ರೆ ಬಿಡಿಸ್ತೀವಿ. ಯಾರಿಗಾದ್ರೂ ರಕ್ತ ಬೇಕು ಅಂದ್ರೆ ಕೊಡೋಕೆ ಓಡ್ತೀವಿ. ನಡೆಯೋಕಾಗದೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ."

"ಅದ್ರಿಂದ ಇವನಿಗೆ ಕೆಲಸ ಸಿಗುತ್ತಾ?"

"ಸಿಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ನಾಲ್ಕು ಜನ 'ಬಾರೋ, ನೀನಿಲ್ದೆ ಆಗಲ್ಲ' ಅಂದ್ರೆ ಎಂಥವನೂ ಹಾಸಿಗೆ ಬಿಟ್ಟು ಏಳ್ತಾನೆ. ತಲೆ ಅಲ್ಲಾಡಿಸ್ಬೇಡಿ ಅಣ್ಣಾ, ಕಿವಿ ಹೋದೀತು!"

ಬಡಗಿ ಒಪ್ಪಲಿಲ್ಲ; ಮನೆಗೆ ಬಂದು ವಿಷಯ ಹೇಳಿ, ಬೇಡವೇ ಬೇಡ ಎಂದ. ಅವನ ಹೆಂಡತಿ ಒಪ್ಪಿಗೆಗೆ ಕಾಯುವವಳೂ ಅಲ್ಲ. ಭಾನುವಾರ ಬೆಳಿಗ್ಗೆ ಮಗನ ಹೊದಿಕೆ ಎಳೆದು, ಅಂಗಿ ಕೈಗಿತ್ತು, ಕಳಿಸಿಯೇಬಿಟ್ಟಳು. ಮಧ್ಯಾಹ್ನ ಊಟಕ್ಕೆ ಬಂದ ಬಡಗಿ ಖಾಲಿ ಹಾಸಿಗೆ ಕಂಡು ಸಿಡಿದ.

"ನಾನು ಬೇಡ ಅಂದಿರ್ಲಿಲ್ವೇನೇ?"

"ಅಂದಿದ್ರಿ. ನಂಗೆ ಚೆನ್ನಾಗೇ ಕೇಳಿಸ್ತು ಕಣ್ರೀ."

ಕಿವಿಯ ಮೇಲಿನ ಪೆನ್ಸಿಲನ್ನೂ ತೆಗೆಯದೆ ಬಡಗಿ ಸಂಘದ ಕೋಣೆಗೆ ದಾಪುಗಾಲು ಹಾಕಿದ. ಅಲ್ಲಿ ನೋಡಿದರೆ ಸಂತೆಯ ಗಲಾಟೆ! ಆಸ್ಪತ್ರೆಯ ಮೆಟ್ಟಿಲ ಮೇಲೆ ಗಾಲಿಕುರ್ಚಿ ಹತ್ತಲೆಂದು ಹುಡುಗರು ಮರದ ಇಳಿಜಾರು ಮಾಡಿದ್ದರು. ಗಟ್ಟಿಮುಟ್ಟಾಗಿ, ಎರಡೂ ಬದಿಗೆ ಕೈಹಿಡಿ ಹೊಡೆದು, ಬಣ್ಣವನ್ನೂ ಬಳಿದಿದ್ದರು. ಎಲ್ಲ ಸರಿ, ಆದರೆ ಮಾಡಿದ್ದು ಕೋಣೆಯ ಒಳಗೆ. ಅದೀಗ ಬಾಗಿಲು ದಾಟುತ್ತಿಲ್ಲ! ಮಲಗಿಸಿದರೆ ಅಗಲ ಅಡ್ಡ, ವಾಲಿಸಿದರೆ ಕೈಹಿಡಿ ಅಡ್ಡ. ಒಬ್ಬ ತಳ್ಳುತ್ತಾನೆ, ಒಬ್ಬ ಎಳೆಯುತ್ತಾನೆ, ಇನ್ನೊಬ್ಬ ಅದರಡಿ ಸಿಕ್ಕಿಕೊಂಡು ಬೊಬ್ಬೆ ಹೊಡೆಯುತ್ತಾನೆ. ಆ ಗದ್ದಲದ ನಡುವೆ ಯಾರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಡಗಿ ಇಣುಕಿ ನೋಡಿದ. ಅವನದೇ ಮಗ.

ಬಡಗಿಯ ಕೋಪ ಜರ್ರನೆ ಇಳಿಯಿತು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ!

"ಗೋಡೆ ಒಡೆಯೋದೊಂದೇ ದಾರಿ," ಎಂದ ಒಬ್ಬ.

"ಏಯ್, ಸುಮ್ನಿರೋ," ಎಂದು ಮಗ ಕಣ್ಣೊರೆಸಿಕೊಂಡ. "ಕೈಹಿಡಿ ಬಿಚ್ಚೋಣ. ಹಲಗೇನ ಅಡ್ಡಕ್ಕೆ ನಿಲ್ಸಿ ಹೊರಗೆ ತರೋಣ. ಅಲ್ಲಿ ಹೋದ್ಮೇಲೆ ಬೋಲ್ಟ್ ಹಾಕಿ ಜೋಡಿಸೋಣ. ನಮ್ಮಪ್ಪ ಮಂಚ ಮಾಡೋದೂ ಹಾಗೇ, ಅಂಗಡೀಲಿ ಬಿಡಿಬಿಡಿ, ಮನೇಲಿ ಜೋಡಣೆ."

ಇವನು ಇದನ್ನೆಲ್ಲ ಯಾವಾಗ ನೋಡಿದ? ಉಳಿ ಮುಟ್ಟಿದರೆ "ನಿನ್ನ ಕೈಲಾಗಲ್ಲ ಬಿಡು" ಎಂದು ಗದರುತ್ತಿದ್ದ ಅಪ್ಪನ ಕೆಲಸವನ್ನು ಮಗ ಕದ್ದು ಕಲಿತಿದ್ದ. ಬಡಗಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

"ಮೊಳೆ ಹಾಗೆ ಕೀಳ್ಬೇಡ್ರೋ, ಹಲಗೆ ಸೀಳುತ್ತೆ!" ಎನ್ನುತ್ತಾ ಅವನೂ ಒಳಗೆ ನುಗ್ಗಿದ.

ಸಂಜೆಯ ಹೊತ್ತಿಗೆ ಇಳಿಜಾರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿತ್ತು. ಮೊದಲು ಹತ್ತಿದ್ದು ಕಾಲು ಸ್ವಾಧೀನವಿಲ್ಲದ ಒಬ್ಬ ಅಜ್ಜಿ. ಮಗನೇ ಕುರ್ಚಿ ತಳ್ಳಿದ.

"ಇಷ್ಟು ದಿನ ನನ್ನ ಮೂಟೆ ಹಾಗೆ ಎತ್ತಿ ಒಯ್ತಿದ್ರು ಕಣಪ್ಪಾ. ಇವತ್ತು ರಾಣಿ ಹಾಗೆ ಬಂದೆ," ಎಂದು ಅಜ್ಜಿ ಅವನ ಗಲ್ಲ ಸವರಿದಳು. ಹುಡುಗನ ಮುಖ ಅರಳಿತು.

"ನನ್ನನ್ನೂ ಸಂಘಕ್ಕೆ ಸೇರಿಸ್ಕೊಳ್ರಯ್ಯಾ," ಎಂದ ಬಡಗಿ.

"ವಯಸ್ಸು ಮೂವತ್ತೈದರೊಳಗಿರ್ಬೇಕು ಅಣ್ಣಾ," ಎಂದು ಕ್ಷೌರಿಕ ನಕ್ಕ.

"ಕೂದಲಿಗೆ ಬಣ್ಣ ಹಚ್ಚೋನು ನೀನೇ ತಾನೇ? ಹಚ್ಚು ಮತ್ತೆ!"

ಆ ರಾತ್ರಿ ಮಗ ಎಲ್ಲರ ಜೊತೆ ಊಟಕ್ಕೆ ಕೂತ. ತುತ್ತು ಬಾಯಲ್ಲಿಟ್ಟುಕೊಂಡೇ ಹರಟಿದ. ಅಮ್ಮ ಮತ್ತೆ ಮತ್ತೆ ಬಡಿಸಿದಳು.

"ನಾಳೆ ಬೆಳಿಗ್ಗೆ ಬೇಗ ಎಬ್ಬಿಸಮ್ಮಾ," ಎಂದ ಮಗ.

"ಯಾಕೋ? ನಾಳೆ ಸಂಘ ಇಲ್ವಲ್ಲ."

"ಅಪ್ಪನ ಜೊತೆ ಅಂಗಡಿಗೆ ಹೋಗ್ತೀನಿ."

ಬಡಗಿ ತನ್ನ ತಟ್ಟೆಯಲ್ಲಿದ್ದುದನ್ನೂ ಮಗನ ತಟ್ಟೆಗೆ ಹಾಕಿದ.

ತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಸಂಘ ಇರಬಹುದು. ಎಷ್ಟು ಓದಿದ್ದೀಯ, ಕೆಲಸ ಇದೆಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೋಗಿ ಹೆಸರು ಹೇಳಿ, ತೋಳೇರಿಸಿ ನಿಲ್ಲಿ, ಸಾಕು. ಸಂಘ ಇಲ್ಲದಿದ್ದರೆ ಗೆಳೆಯರು ನಾಲ್ಕೈದು ಜನ ಸೇರಿ ನೀವೇ ಶುರುಮಾಡಿ. ಅಪ್ಪ ಅಮ್ಮಂದಿರೇ, ಬೇಡ ಅನ್ನುವ ಮೊದಲು ಒಂದು ಸಲ ಹೋಗಿ ನೋಡಿ ಬನ್ನಿ. ನಿಮ್ಮ ಮಗ ಅಲ್ಲಿ ನಗುತ್ತಿರಬಹುದು.