ರೇನೊ ಮಾವನ ಮಡಿಲಲ್ಲಿ ಸೀಸೆ

ಟಪ್ — ಸೂರಿನಿಂದ ಜೋತುಬಿದ್ದ ಹಿಮ ಕರಗಿ ಹನಿಯುತ್ತಿದೆ, ಹಾಗಾದರೆ ಹೊರಗೆ ಚಳಿ ಇಳಿದಿದೆ, ಬಾಗಿಲ ಸಂದಿಯಿಂದ ಬರ್ಚ್ ಸೌದೆಯ ವಾಸನೆ, ಒಲೆ ಆರಿಲ್ಲ, ಸದ್ಯ, ಬಾಗಿಲು ತೆಗೀಬೇಡ ಶಾಖ ಹೋಗುತ್ತೆ ಕಣೆ ಅಂದಿದ್ದಾಳೆ ಹಿಲ್ಯಾ ಅಜ್ಜಿ, ಅದಕ್ಕೇ ಸಾಯ್ಮಾ ಹಬೆಸ್ನಾನದ ಮನೆ ಸೌನಾದ ಹೊರಕೋಣೆಯ ಬೆಂಚಿನ ಮೇಲೆ ಏಲಕ್ಕಿ ಬ್ರೆಡ್ಡು ಹಿಡಿದು ಕೂತಿದ್ದಾಳೆ, ಹೆರಿಗೆಕೋಣೆಯ ಹೊರಗೆ ಗಂಡಂದಿರು ಕೂರುವ ಹಾಗೆ, ಡಾಕ್ಟರೇಟ್ ಮಾಡುವವಳ ಅವಸ್ಥೆ ನೋಡಿ, ಒಳಗೆ ಇರುವುದು ಒಂದು ಸೀಸೆ, ಸೀಸೆಯಲ್ಲಿ ಕಬ್ಬಿಣದುಪ್ಪು ಕರಗಿದ ಹಸಿರು ನೀರು, ನೀರಿನಲ್ಲಿ ಕಣ್ಣಿಗೆ ಕಾಣದ ಅವಳ ಬ್ಯಾಕ್ಟೀರಿಯಾಗಳು, ಹಸಿರಾಗಿಯೇ ಉಳಿದರೆ ಸತ್ತಿವೆ, ಕೆಂಪಾದರೆ ಬದುಕಿವೆ, ಇಷ್ಟೇ ಲೆಕ್ಕ, ಈ ಕೆಂಪಿಗೋಸ್ಕರ ವರ್ಷಗಟ್ಟಲೆ ಕಾದಿದ್ದಾಳೆ, ಅಜ್ಜಿಯೋ ಜೀವಮಾನವಿಡೀ ಅದೇ ಕೆಂಪನ್ನು ಶಪಿಸಿದವಳು, ಗಣಿಯ ಕೆಂಪು ನೀರಿನಲ್ಲಿ ನಿಂತು ಬಂದ ತಾತನ ಕಾಲುಚೀಲಗಳನ್ನು ತಿಕ್ಕಿ ತಿಕ್ಕಿ, ಹೋಗಲ್ಲ ಈ ದರಿದ್ರ ಕಲೆ, ಅಂತ. ಆ ದರಿದ್ರ ಕಲೆಯನ್ನು ಮಾಡಿದವು ಇವೇ ಅಜ್ಜೀ ಎಂದು ಮೊದಲ ಸಲ ಹೇಳಿದಾಗ ಅಜ್ಜಿ ಸೀಸೆಯನ್ನು ದುರುಗುಟ್ಟಿಕೊಂಡು ನೋಡಿದ್ದಳು.

ಹಳೇ ಗಣಿಯ ಚರಂಡಿಯಿಂದ ತಂದವು, ಪುಡಿಮಾಡಿದ ಫೋನುಗಳ ರುಚಿ ಹತ್ತಿಸಲು ಎಷ್ಟು ಕಷ್ಟ, ಚಿಟಿಕೆ ಹಾಕಿದರೆ ಅರ್ಧ ಸಾಯುತ್ತಿದ್ದವು, ಉಳಿದವಕ್ಕೆ ಇನ್ನೊಂದು ಚಿಟಿಕೆ, ಹೀಗೆ ಮುದ್ದು ಮಾಡಿ ಗದರಿಸಿ ಬೆಳೆಸಿದ ಸಂತಾನ, ಈಗ ಇವು ಮಾಡಿಕೊಟ್ಟ ಕೆಂಪು ನೀರು ಫೋನಿನೊಳಗಿನ ಸರ್ಕ್ಯೂಟ್ ಫಲಕದ ತಾಮ್ರವನ್ನೆಲ್ಲ ಕರಗಿಸಿ ಚಿನ್ನದ ಹಾಳೆಯನ್ನು ಮಾತ್ರ ಬಿಡುತ್ತದೆ, ತೆಳ್ಳಗೆ, ಈರುಳ್ಳಿ ಸಿಪ್ಪೆಯ ಹಾಗೆ ತೇಲಿ ಬರುತ್ತದೆ, ಬೇರೆ ಯಾರ ಹತ್ತಿರವೂ ಇಲ್ಲ ಇಂಥವು, ಇವು ಹೋದರೆ ಪ್ರಬಂಧ ಹೋಯಿತು, ಮತ್ತೆ ಚರಂಡಿಯಿಂದ ಶುರು. ಮಂಜುಗಡ್ಡೆಯ ಮಳೆ ಸುರಿದು ಊರಿನ ತಂತಿಗಳೆಲ್ಲ ಕಡಿದು ಬಿದ್ದವು, ಪ್ರಯೋಗಾಲಯ ತಣ್ಣಗಾಗುತ್ತಿದೆ, ಎಲ್ಲಾದ್ರೂ ಬೆಚ್ಚಗಿರೋ ಕಡೆ ತಗೊಂಡ್ಹೋಗು ಎಂದರು ಪ್ರೊಫೆಸರ್ ವಿಲೆಟ್, ಬೆಚ್ಚಗಿರುವ ಕಡೆ ಎಂದರೆ ಫಿನ್ನಿಶ್ ಮನೆಯವಳಿಗೆ ಇನ್ನೆಲ್ಲಿ, ಅದೂ ನಿನ್ನೆ ಶನಿವಾರ, ಎಲ್ಲರ ಸ್ನಾನ ಮುಗಿದ ಮೇಲೆ ಉಳಿದ ಶಾಖ ಸೌನಾದ ಕುಳ್ಳ ದೈವಕ್ಕೆ ಮೀಸಲು, ಆಮೇಲೆ ಯಾರೂ ಕಾಲಿಡುವಂತಿಲ್ಲ, ಅವನ ಜೊತೆ ನಿನ್ನವೂ ಮೀಯಲಿ ಬಿಡು ಎಂದು ಅಜ್ಜಿಯೇ ಅಪ್ಪಣೆ ಕೊಟ್ಟಳು. ಎರಡು ಸೀಸೆಗಳನ್ನು ಬಾಗಿಲ ಬಳಿ ನೆಲದ ಮೇಲೆ ಇಟ್ಟು ಬಂದಳು ಸಾಯ್ಮಾ.

ದೈವ ಬರುವ ಮೊದಲೇ ಸೋದರಮಾವ ಬಂದ. ರಸ್ತೆಯ ಮಂಜುಗಡ್ಡೆ ಒಡೆದು ಸುಸ್ತಾಗಿ, ಯಾರನ್ನೂ ಕೇಳದೆ, ಸೌದೆ ತುರುಕಿ, ಮೇಲಿನ ಹಲಗೆ ಹತ್ತಿ ಕೂತ ರೇನೊ ಮಾವ, ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವನಿಗೆ ಯಾವ ಬಿಸಿಯೂ ಸಾಲದು, ಸೀಸೆಯಲ್ಲಿ ತಿಳಿಹಸಿರು ನೀರು ಕಂಡಿತು, ಬರ್ಚ್ ಎಲೆ ನೆನೆಹಾಕಿದ ನೀರೂ ಹಾಗೇ ತಾನೇ ಇರುವುದು, ಅದನ್ನು ಒಲೆಯ ಮೇಲಿನ ಕಾದ ಕಲ್ಲಿಗೆ ಹೊಯ್ದರೆ ಘಮಘಮ, ಹೊಯ್ದ — ಕೆಮ್ಮುತ್ತಾ ಬತ್ತಲೆ ಹಿಮಕ್ಕೆ ಓಡಿದ, ಅಮ್ಮಾ ಕುಲುಮೆ ವಾಸನೆ ಬರ್ತಿದೆ, ಅಜ್ಜಿ ಪೊರಕೆ ಹಿಡಿದು ಹಿಂದೆ, ಸಾಯ್ಮಾಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಆಯಿತು, ಈಗಲೂ ನಗು ಬರುತ್ತದೆ, ಆದರೆ ಇನ್ನೊಂದು ಸೀಸೆ ಆ ಬಿಸಿಯಲ್ಲಿ ಎಷ್ಟು ಹೊತ್ತು ಇತ್ತೋ, ಬೆಂದವೋ ಏನೋ, ಇವತ್ತು ಬೆಳಿಗ್ಗೆಯೂ ಹಸಿರು, ಕಲ್ಲುಗಳ ಮೇಲೆ ಕೆಂಪು ಕಂಡಿತು ನಿಜ, ಆದರೆ ಅದು ಸಾಕ್ಷಿಯಲ್ಲ, ಒಣಗಿ ಸುಟ್ಟರೆ ಸತ್ತ ನೀರೂ ಕೆಂಪಾಗುತ್ತದೆ. ಬೆಳಗಿನಿಂದ ಮಾವ ಒಳಗೇ ಇದ್ದಾನೆ, ಅಲ್ಲಾಡಿಸ್ತಾ ಇರ್ಬೇಕು, ಗಾಳಿ ಸಿಗ್ಬೇಕು ಅಂತ ಸಾಯ್ಮಾ ಅಂದಿದ್ದಕ್ಕೆ ಸೀಸೆಯನ್ನು ಮಡಿಲಲ್ಲಿಟ್ಟು ತೂಗುತ್ತಾ, ಒಲೆಗೆ ಒಂದೊಂದೇ ಚಕ್ಕೆ ಹಾಕುತ್ತಾ, ಹಾಡುತ್ತಲೂ ಇದ್ದ, ಈಗ ಹಾಡಿಲ್ಲ, ಯಾಕೆ ಹಾಡಿಲ್ಲ?

ಟಪ್. ಬಾಗಿಲು ಕಿರುಗುಟ್ಟಿತು, ಮಾವ, ಬೆವರಿದ ಮುಖ, ತೂಕಡಿಕೆಯ ಕಣ್ಣು, ಬಯ್ಬೇಡ ಮಗಳೇ, ಕಣ್ಣು ಹತ್ತಿಬಿಡ್ತು, ಒಂಚೂರು ಕಾಲ ಮೇಲೆ ಚೆಲ್ಲಿದೆ, ಸೀಸೆ ಕೋಟಿನ ಮರೆಯಲ್ಲಿದೆ, ಕಾಣುವುದು ಅವನ ಪಾದ ಮಾತ್ರ, ಅಜ್ಜಿ ಹಿಂದಿನಿಂದ ಬಗ್ಗಿ ನೋಡಿದಳು, ಅದೇ ದರಿದ್ರ ಕಲೆ ಅಂದಳು, ಆ ಕಾಲುಚೀಲ ಬಿಚ್ಚಿಡೋ ರೇನೊ, ನಾನದನ್ನ ಒಗಿಯಲ್ಲ, ಸಾಯ್ಮಾಳ ಕೈಯಿಂದ ಬ್ರೆಡ್ಡು ಜಾರಿತು, ಬಿಳಿಯ ಕಾಲುಚೀಲ, ಅದರ ಮೇಲೆ ಅಂಗೈಯಗಲ ಕೆಂಪು, ಒಣಗಿದ್ದಲ್ಲ, ಸುಟ್ಟಿದ್ದಲ್ಲ, ಒದ್ದೆ, ಇನ್ನೂ ಒದ್ದೆಯಾದ ಕೆಂಪು —